ಹೊಸದಾಗಿ ಕೆಲಸಕ್ಕೆ ಸೇರಿದವರ ಪಿ.ಎಫ್. ಮತ್ತು ಇ.ಎಸ್.ಐ. ನೋಂದಣಿ: ಗದಗ ಭಾಗದ ಸಂಸ್ಥೆಗಳು ತಿಳಿದಿರಬೇಕಾದ ಸಂಗತಿಗಳು

ಕರಾವಳಿಯ ನಮ್ಮ ಓದುಗರಿಗೆ ಪಿ.ಎಫ್. ಎಂಬ ಪದ ಹೊಸದೇನಲ್ಲ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಊರೂರುಗಳಲ್ಲಿ ಇದ್ದಾರೆ. ಬೀಡಿ ಉದ್ಯಮವು 1977ರಲ್ಲಿ ಭವಿಷ್ಯ ನಿಧಿ ಕಾನೂನಿನ ವ್ಯಾಪ್ತಿಗೆ ಬಂತು. ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವವರು ನೌಕರರು ಹೌದೋ ಅಲ್ಲವೋ ಎಂಬ ವಾದ ಸುಪ್ರೀಂ ಕೋರ್ಟಿನ ತನಕ ಹೋಗಿ, 1985ರಲ್ಲಿ ಅವರೂ ನೌಕರರೇ ಎಂಬ ತೀರ್ಪು ಬಂತು. ಆ ತೀರ್ಪಿನ ಫಲವನ್ನು ಇಂದಿಗೂ ಎಷ್ಟೋ ಮನೆಗಳು ಉಣ್ಣುತ್ತಿವೆ.

ಘಟ್ಟದ ಮೇಲೆ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಕರಾವಳಿಯವರು ಹೋಟೆಲು, ಬೇಕರಿ ನಡೆಸುತ್ತಾರೆ, ಶಾಲೆ-ಆಸ್ಪತ್ರೆಗಳಲ್ಲಿ ದುಡಿಯುತ್ತಾರೆ. ಆ ಭಾಗದವರು ಮಂಗಳೂರು, ಗೋವಾ ಕಡೆಗೆ ಕಟ್ಟಡದ ಕೆಲಸಕ್ಕೆ ಬರುತ್ತಾರೆ. ಹತ್ತು ಹದಿನೈದು ಜನರನ್ನು ಇಟ್ಟುಕೊಂಡ ಸಣ್ಣ ಸಂಸ್ಥೆಗಳೇ ಅಲ್ಲಿ ಹೆಚ್ಚು. ಹೊಸಬರೊಬ್ಬರು ಕೆಲಸಕ್ಕೆ ಸೇರಿದರೆ ಅವರ ಹೆಸರನ್ನು ಎಲ್ಲಿ, ಯಾವಾಗ, ಹೇಗೆ ಬರೆಸಬೇಕು ಎಂಬ ಬಗ್ಗೆ ಗೊಂದಲ ಇದ್ದೇ ಇದೆ. ಆದುದರಿಂದ ಈ ಲೇಖನದಲ್ಲಿ ಆ ಭಾಗದ ಉದಾಹರಣೆಗಳನ್ನೇ ತೆಗೆದುಕೊಂಡು ವಿಷಯವನ್ನು ವಿವರಿಸಲು ಪ್ರಯತ್ನಿಸಿದ್ದೇವೆ.

ನಮ್ಮ ದೇಶದಲ್ಲಿ ಸಂಬಳಕ್ಕೆ ದುಡಿಯುವವರ ಸಾಮಾಜಿಕ ಭದ್ರತೆ ಮುಖ್ಯವಾಗಿ ಎರಡು ವ್ಯವಸ್ಥೆಗಳ ಮೇಲೆ ನಿಂತಿದೆ. ಒಂದು, 1952ರಲ್ಲಿ ಆರಂಭವಾದ ನೌಕರರ ಭವಿಷ್ಯ ನಿಧಿ, ಅಂದರೆ ಪಿ.ಎಫ್. ಇನ್ನೊಂದು, 1948ರ ಕಾನೂನಿನಿಂದ ಬಂದ ನೌಕರರ ರಾಜ್ಯ ವಿಮೆ, ಅಂದರೆ ಇ.ಎಸ್.ಐ. ಮೊದಲನೆಯದು ಮುಪ್ಪಿಗೆ ಮತ್ತು ಸಾವಿಗೆ, ಎರಡನೆಯದು ಕಾಯಿಲೆ, ಹೆರಿಗೆ, ಅಪಘಾತಕ್ಕೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಆದರೆ ಮೂಲ ಲೆಕ್ಕ ಬದಲಾಗಿಲ್ಲ. 20 ಅಥವಾ ಹೆಚ್ಚು ನೌಕರರಿದ್ದರೆ ಪಿ.ಎಫ್., 10 ಅಥವಾ ಹೆಚ್ಚು ನೌಕರರಿದ್ದರೆ ಇ.ಎಸ್.ಐ.

ಈ 20 ಮತ್ತು 10ರ ಎಣಿಕೆಯಲ್ಲೇ ಮೊದಲ ತಪ್ಪು ಆಗುತ್ತದೆ. "ನಮ್ಮಲ್ಲಿ ಹನ್ನೆರಡೇ ಮಂದಿ ಶಿಕ್ಷಕರು, ನಮಗೆ ಪಿ.ಎಫ್. ಇಲ್ಲ" ಎನ್ನುವ ಮಾತು ಕೇಳಿಬರುತ್ತದೆ. ಆದರೆ ಶಿಕ್ಷಕರನ್ನು ಮಾತ್ರ ಎಣಿಸಿದರೆ ಸಾಲದು. ಗುಮಾಸ್ತ, ಆಯಾ, ವಾಹನ ಚಾಲಕ, ಕಸ ಗುಡಿಸುವವರು, ಕಾವಲುಗಾರ, ಗುತ್ತಿಗೆದಾರನ ಮೂಲಕ ಬಂದವರು ಎಲ್ಲರೂ ಲೆಕ್ಕಕ್ಕೆ ಸೇರುತ್ತಾರೆ. ಮಾತ್ರವಲ್ಲ, ಒಂದೇ ಸಂಸ್ಥೆಯ ಶಾಖೆಗಳು ಬೇರೆ ಬೇರೆ ಊರಿನಲ್ಲಿದ್ದರೂ ಅವೆಲ್ಲ ಒಂದೇ. ಗದಗಿನ ಶಾಲೆಯಲ್ಲಿ 12, ಮುಂಡರಗಿಯ ಶಾಖೆಯಲ್ಲಿ 8, ಲಕ್ಷ್ಮೇಶ್ವರದ ಹಾಸ್ಟೆಲಿನಲ್ಲಿ 5 ಜನ ಇದ್ದರೆ ಒಟ್ಟು 25 ಆಯಿತು. ಒಮ್ಮೆ ವ್ಯಾಪ್ತಿಗೆ ಬಂದ ಮೇಲೆ ಸಂಖ್ಯೆ 20ಕ್ಕಿಂತ ಕೆಳಗಿಳಿದರೂ ಹೊರಗೆ ಬರುವಂತಿಲ್ಲ.

ಸಹಕಾರ ಸಂಘಗಳಿಗೆ ಮಾತ್ರ ಒಂದು ರಿಯಾಯಿತಿ ಇದೆ. ವಿದ್ಯುತ್ ಬಲದಿಂದ ಯಂತ್ರ ನಡೆಸದೆ, 50ಕ್ಕಿಂತ ಕಡಿಮೆ ನೌಕರರನ್ನು ಹೊಂದಿರುವ ಸಹಕಾರ ಸಂಘಕ್ಕೆ ಪಿ.ಎಫ್. ಕಡ್ಡಾಯವಲ್ಲ. ಗದಗ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ. ದೇಶದ ಸಹಕಾರ ಚಳವಳಿಗೆ 1905ರಲ್ಲಿ ನಾಂದಿ ಹಾಡಿದ ಕಣಗಿನಹಾಳ ಇರುವುದು ಗದಗ ತಾಲೂಕಿನಲ್ಲೇ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕಟ್ಟಿದ ಸಂಘದ ನಂತರ ಆ ನಾಡಿನಲ್ಲಿ ಸಹಕಾರ ಸಂಘಗಳು ಬೆಳೆಯುತ್ತಲೇ ಬಂದವು. ಆದರೆ ರಿಯಾಯಿತಿ ಇದೆ ಎಂದ ಮಾತ್ರಕ್ಕೆ ಪಿ.ಎಫ್.ಗೆ ಸೇರಬಾರದು ಎಂದಿಲ್ಲ. ಆಡಳಿತ ಮತ್ತು ನೌಕರರು ಒಪ್ಪಿದರೆ ಸ್ವಇಚ್ಛೆಯಿಂದ ಸೇರಬಹುದು. ಇಂಥ ಸಂಘಗಳು ಹಾಗೆ ಸೇರುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ಇ.ಎಸ್.ಐ.ಯಲ್ಲಿ ಆ ಭಾಗಕ್ಕೆ ನೇರವಾಗಿ ತಟ್ಟುವ ಇನ್ನೊಂದು ನಿಯಮವಿದೆ. ಹಂಗಾಮಿ ಕಾರ್ಖಾನೆಗಳು ಇ.ಎಸ್.ಐ. ವ್ಯಾಪ್ತಿಯ ಹೊರಗೆ. ಕಾನೂನು ಹಂಗಾಮಿ ಎಂದು ಹೆಸರಿಸಿರುವ ಕೆಲಸಗಳನ್ನು ನೋಡಿದರೆ ಗದಗ ಜಿಲ್ಲೆಯ ಸುಗ್ಗಿಯನ್ನೇ ಪಟ್ಟಿ ಮಾಡಿದಂತಿದೆ: ಹತ್ತಿಯಿಂದ ಅರಳೆ ಬಿಡಿಸುವುದು, ಅರಳೆಯನ್ನು ಒತ್ತಿ ಬೇಲು ಕಟ್ಟುವುದು, ಶೇಂಗಾ ಒಡೆಯುವುದು, ಬೆಲ್ಲ ಮತ್ತು ಸಕ್ಕರೆ ತಯಾರಿಸುವುದು. ಹೀಗಾಗಿ ಲಕ್ಷ್ಮೇಶ್ವರದ ಅರಳೆ ಗಿರಣಿಯಲ್ಲಿ ಕೈ ಸಿಕ್ಕಿಹಾಕಿಕೊಂಡವನಿಗೆ ಇ.ಎಸ್.ಐ. ಇಲ್ಲದಿರಬಹುದು. ಅವನು ಮಾಲೀಕರಿಂದ ಅಪಘಾತ ಪರಿಹಾರವನ್ನು ಕೇಳಬೇಕಾಗುತ್ತದೆ. ಆ ಹೊಣೆಯನ್ನು ಕಾನೂನು ಮಾಲೀಕರ ಮೇಲೆ ಹಾಕಿದೆ. ಆದರೆ ಇಲ್ಲಿ ಒಂದು ಪದವನ್ನು ಗಮನಿಸಬೇಕು. ಈ ಕೆಲಸಗಳನ್ನು "ಮಾತ್ರ" ಮಾಡುವ ಕಾರ್ಖಾನೆಗೆ ಈ ವಿನಾಯಿತಿ. ಅರಳೆ ಗಿರಣಿಯ ಪಕ್ಕದಲ್ಲೇ ಎಣ್ಣೆ ಗಾಣದ ಯಂತ್ರವನ್ನೂ ಹಾಕಿ ವರ್ಷವಿಡೀ ನಡೆಸುವವರು ನಾವು ಹಂಗಾಮಿ ಎಂದು ಸುಮ್ಮನಿರುವಂತಿಲ್ಲ. ಹಾಗೆಯೇ ಹಂಗಾಮಿ ಎಂಬ ಕಾರಣ ಪಿ.ಎಫ್.ಗೆ ಅನ್ವಯಿಸುವುದಿಲ್ಲ. ನಾಲ್ಕು ತಿಂಗಳು ನಡೆಯುವ ಗಿರಣಿಯಲ್ಲೂ 20 ಜನರಿದ್ದರೆ ಪಿ.ಎಫ್. ಕಟ್ಟಲೇಬೇಕು.

ಇನ್ನು ಯಾವ ದಿನದಿಂದ ಎಂಬ ಪ್ರಶ್ನೆ. "ಆರು ತಿಂಗಳು ನೋಡೋಣ, ನಿಂತರೆ ಪಿ.ಎಫ್. ಮಾಡಿಸೋಣ" ಎಂಬುದು ಬಹಳ ಕಡೆ ಇರುವ ಪದ್ಧತಿ. ಹಿಂದೆ ಇಂತಿಷ್ಟು ದಿನ ಕೆಲಸ ಮಾಡಿರಬೇಕೆಂಬ ನಿಯಮ ಇದ್ದದ್ದು ನಿಜ. ಆದರೆ 1990ರ ನವೆಂಬರ್ 1ರಿಂದ ಆ ನಿಯಮವಿಲ್ಲ. ಕೆಲಸಕ್ಕೆ ಸೇರಿದ ದಿನವೇ ಸದಸ್ಯತ್ವದ ಮೊದಲ ದಿನ. ಪ್ರೊಬೇಶನ್, ತಾತ್ಕಾಲಿಕ, ದಿನಗೂಲಿ ಎಂಬ ಭೇದವಿಲ್ಲ. ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಪಡೆಯುವವರು ಮಾತ್ರ ಇದರಿಂದ ಹೊರಗೆ. ತಿಂಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ ತನಕ ಇದ್ದರೆ ಪಿ.ಎಫ್. ಕಡ್ಡಾಯ. ಈ ಮಿತಿ 2014ರ ಸೆಪ್ಟೆಂಬರಿನಲ್ಲಿ ಬಂದದ್ದು. ಮೊದಲೇ ಪಿ.ಎಫ್. ಸದಸ್ಯರಾಗಿದ್ದವರು ಹೊಸ ಕೆಲಸದಲ್ಲಿ ಹೆಚ್ಚು ಸಂಬಳ ಪಡೆದರೂ ಸದಸ್ಯರಾಗಿಯೇ ಮುಂದುವರಿಯುತ್ತಾರೆ. ಇ.ಎಸ್.ಐ.ಗೆ 2017ರ ಜನವರಿಯಿಂದ ಮಿತಿ 21,000 ರೂಪಾಯಿ, ಅಂಗವಿಕಲರಿಗೆ 25,000.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಬೆಟಗೇರಿಯ ಮುದ್ರಣಾಲಯವೊಂದರಲ್ಲಿ ಯುವಕನೊಬ್ಬ 12,000 ರೂಪಾಯಿ ಪಗಾರಕ್ಕೆ ಸೇರಿದ ಎಂದಿಟ್ಟುಕೊಳ್ಳಿ (ಆ ಕಡೆ ಸಂಬಳಕ್ಕೆ ಪಗಾರ ಎಂದೇ ಹೇಳುವುದು). ಭತ್ಯೆಗಳು ಬೇರೆ ಇಲ್ಲ. ಅವನ ಪಗಾರದಿಂದ ಪಿ.ಎಫ್.ಗೆ ನೂರಕ್ಕೆ 12ರಂತೆ 1,440 ರೂಪಾಯಿ, ಇ.ಎಸ್.ಐ.ಗೆ ನೂರಕ್ಕೆ ಮುಕ್ಕಾಲು ರೂಪಾಯಿಯಂತೆ 90 ರೂಪಾಯಿ ಕಡಿತವಾಗುತ್ತದೆ. ಕೈಗೆ ಬರುವುದು 10,470. ಮಾಲೀಕರು ತಮ್ಮ ಕೈಯಿಂದ ಪಿ.ಎಫ್.ಗೆ ಅಷ್ಟೇ 1,440 ರೂಪಾಯಿ ಹಾಕುತ್ತಾರೆ. ಅದರಲ್ಲಿ ಸುಮಾರು 1,000 ರೂಪಾಯಿ ಪಿಂಚಣಿ ಯೋಜನೆಗೆ ಹೋಗಿ, ಉಳಿದ 440 ಅವನ ಖಾತೆಗೆ ಸೇರುತ್ತದೆ. ಇದಲ್ಲದೆ ಠೇವಣಿ ಆಧಾರಿತ ವಿಮೆಗೆ 60, ಆಡಳಿತ ವೆಚ್ಚಕ್ಕೆ 60 (ಇಡೀ ಸಂಸ್ಥೆಗೆ ತಿಂಗಳಿಗೆ ಕನಿಷ್ಠ 500), ಇ.ಎಸ್.ಐ.ಗೆ ನೂರಕ್ಕೆ ಮೂರೂಕಾಲರಂತೆ 390. ಎಲ್ಲ ಸೇರಿ ಮಾಲೀಕರಿಗೆ ಪಗಾರದ ಮೇಲೆ ತಿಂಗಳಿಗೆ 1,950 ರೂಪಾಯಿ ಹೆಚ್ಚುವರಿ ಖರ್ಚು.

ಸಣ್ಣ ಮಾಲೀಕರಿಗೆ ಇದು ಭಾರವಲ್ಲ ಎಂದು ನಾವು ಹೇಳುವುದಿಲ್ಲ. ಹತ್ತು ಜನಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು ಇಪ್ಪತ್ತು ಸಾವಿರ. ಆದರೆ ಈ ಭಾರವನ್ನು ತಪ್ಪಿಸಲು "ಎರಡೂ ಪಾಲು ನಿನ್ನ ಪಗಾರದಿಂದಲೇ" ಎನ್ನುವುದು ಮಾತ್ರ ಶುದ್ಧ ಅನ್ಯಾಯ, ಕಾನೂನಿಗೂ ವಿರುದ್ಧ. ಇನ್ನೊಂದು ವಿಷಯ: ಆರು ತಿಂಗಳು ಕಡಿತ ಮಾಡದೆ ಬಿಟ್ಟು, ಆಮೇಲೆ ಇಲಾಖೆಯಿಂದ ನೋಟಿಸು ಬಂದಾಗ ಆ ಆರು ತಿಂಗಳ ನೌಕರನ ಪಾಲನ್ನು ಈಗಿನ ಪಗಾರದಿಂದ ಹಿಡಿಯುವಂತಿಲ್ಲ. ಅಂದಿನ ಕಡಿತ ಅಂದೇ ಆಗಬೇಕು. ತಡ ಮಾಡಿದರೆ ಎರಡೂ ಪಾಲು ಮಾಲೀಕರ ತಲೆಗೇ ಬರುತ್ತದೆ, ಮೇಲೆ ಬಡ್ಡಿ ಮತ್ತು ದಂಡ ಬೇರೆ.

ನೌಕರರಲ್ಲೂ ಕೆಲವರು "ಪಿ.ಎಫ್. ಬೇಡ, ಪೂರ್ತಿ ಪಗಾರ ಕೈಗೆ ಕೊಡಿ" ಎನ್ನುತ್ತಾರೆ. ತಿಂಗಳಿಗೆ ಸಾವಿರದ ಐನೂರು ಕಡಿಮೆಯಾಗುವುದು ಯಾರಿಗೂ ಹಿತವಲ್ಲ. ಅವರಿಗೆ ಈ ಒಂದು ಲೆಕ್ಕವನ್ನು ತೋರಿಸಬೇಕು. ಮೇಲೆ ಹೇಳಿದ ಯುವಕ ಒಂದು ವರ್ಷ ಸತತವಾಗಿ ದುಡಿದ ಮೇಲೆ ಹಠಾತ್ತನೆ ತೀರಿಕೊಂಡರೆ ಅವನ ಮನೆಯವರಿಗೆ ಠೇವಣಿ ಆಧಾರಿತ ವಿಮೆಯಿಂದ ಪಗಾರದ 35 ಪಟ್ಟು, ಅಂದರೆ 4,20,000 ರೂಪಾಯಿ ಸಿಗುತ್ತದೆ. ಅದರ ಜತೆ ಖಾತೆಯಲ್ಲಿದ್ದ ಹಣದ ಅರ್ಧದಷ್ಟು ಬೇರೆ. ಈ ವಿಮೆಯ ಮೇಲ್ಮಿತಿ 7 ಲಕ್ಷ ರೂಪಾಯಿ. ಇದಕ್ಕೆ ನೌಕರನಿಂದ ಒಂದು ಪೈಸೆಯನ್ನೂ ಹಿಡಿಯುವುದಿಲ್ಲ. ಇದಲ್ಲದೆ ಒಂದೇ ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು, ಅವನ ಹೆಂಡತಿಗೆ ಪಿಂಚಣಿ, ಇಬ್ಬರು ಮಕ್ಕಳಿಗೆ 25 ವರ್ಷ ತುಂಬುವ ತನಕ ಮಕ್ಕಳ ಪಿಂಚಣಿ ಬರುತ್ತದೆ. ವಿಧವಾ ಪಿಂಚಣಿ ತಿಂಗಳಿಗೆ ಕನಿಷ್ಠ 1,000 ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೆ ಹೆಸರನ್ನೇ ಬರೆಸದವನ ಮನೆಗೆ ಇಷ್ಟೂ ಬರುವುದಿಲ್ಲ. ಆರು ತಿಂಗಳು ನೋಡೋಣ ಎಂಬ ಮಾತಿನ ನಿಜವಾದ ಬೆಲೆ ಇದು.

ಇ.ಎಸ್.ಐ.ಯಲ್ಲೂ ಹಾಗೆಯೇ. ವೈದ್ಯಕೀಯ ಸೌಲಭ್ಯ ಕೆಲಸಕ್ಕೆ ಸೇರಿದ ದಿನದಿಂದಲೇ ನೌಕರನಿಗೂ ಅವನ ಕುಟುಂಬಕ್ಕೂ ಉಂಟು. ಕೆಲಸದಲ್ಲಿ ಗಾಯವಾದರೆ ವೇತನದ ನೂರಕ್ಕೆ 90ರಷ್ಟು ಪರಿಹಾರ ಮೊದಲ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಕಾಯಿಲೆ ರಜೆಗೆ ವೇತನದ ನೂರಕ್ಕೆ 70ರಂತೆ ವರ್ಷಕ್ಕೆ 91 ದಿನಗಳ ತನಕ, ಹೆರಿಗೆಗೆ 26 ವಾರಗಳ ಪೂರ್ತಿ ವೇತನ. ಕಾಯಿಲೆ ಮತ್ತು ಹೆರಿಗೆಯ ಸೌಲಭ್ಯಗಳಿಗೆ ಮಾತ್ರ ಇಂತಿಷ್ಟು ದಿನಗಳ ವಂತಿಗೆ ಆಗಿರಬೇಕು. ಹೊಸ ನೌಕರನ ಹೆಸರನ್ನು ಹತ್ತು ದಿನಗಳ ಒಳಗೆ ಸೇರಿಸಬೇಕು. ಆದರೆ ಹತ್ತು ದಿನ ಇದೆ ಎಂದು ಒಂಬತ್ತನೆಯ ದಿನದ ತನಕ ಕಾಯುವುದು ಜಾಣತನವಲ್ಲ. ಮೂರನೆಯ ದಿನ ಅಪಘಾತವಾಗಿ ನಾಲ್ಕನೆಯ ದಿನ ನೋಂದಣಿ ಮಾಡಿದರೆ, ಆ ಕಡತವನ್ನು ಅಧಿಕಾರಿಗಳು ಅನುಮಾನದಿಂದ ನೋಡುವುದು ಸಹಜ.

ಈಗ ನೋಂದಣಿಯ ಕ್ರಮ. ಸಂಸ್ಥೆಯೇ ಹೊಸದಾದರೆ ಮೊದಲು ಶ್ರಮ ಸುವಿಧಾ ಜಾಲತಾಣದಲ್ಲಿ ಸಂಸ್ಥೆಯ ಹೆಸರು ನೋಂದಾಯಿಸಿ ಪಿ.ಎಫ್. ಮತ್ತು ಇ.ಎಸ್.ಐ. ಸಂಖ್ಯೆ ಪಡೆಯಬೇಕು. ನಂತರ ನೌಕರರಿಂದ ಆಧಾರ್, ಪಾನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಮೊಬೈಲ್ ಸಂಖ್ಯೆ, ಮನೆಯವರ ವಿವರ ಪಡೆದುಕೊಳ್ಳಬೇಕು. ನೇಮಕ ಪತ್ರ ಕೊಡುವುದು ಹೊಸ ಸಂಹಿತೆಗಳ ಪ್ರಕಾರ ಈಗ ಎಲ್ಲರಿಗೂ ಕಡ್ಡಾಯ, ಅದರಲ್ಲಿ ಸೇರಿದ ದಿನಾಂಕ ಸ್ಪಷ್ಟವಾಗಿರಲಿ.

ಪಿ.ಎಫ್.ನಲ್ಲಿ ಪ್ರತಿಯೊಬ್ಬರಿಗೂ ಜೀವನಪೂರ್ತಿ ಒಂದೇ ಯು.ಎ.ಎನ್. ಎಂಬ 12 ಅಂಕಿಗಳ ಸಂಖ್ಯೆ ಇರುತ್ತದೆ. ಈ ವ್ಯವಸ್ಥೆ 2014ರಿಂದ ಇದೆ. ಮೊದಲು ಇದನ್ನು ಮಾಲೀಕರೇ ತಮ್ಮ ಕಂಪ್ಯೂಟರಿನಲ್ಲಿ ತೆಗೆದುಕೊಡುತ್ತಿದ್ದರು. 2025ರ ಆಗಸ್ಟ್ 1ರಿಂದ ಕ್ರಮ ಬದಲಾಗಿದೆ. ಹೊಸಬರು ಉಮಂಗ್ ಎಂಬ ಮೊಬೈಲ್ ಆಪ್‌ನಲ್ಲಿ ತಮ್ಮ ಮುಖವನ್ನು ತೋರಿಸಿ, ಆಧಾರ್‌ನ ಭಾವಚಿತ್ರದೊಡನೆ ತಾಳೆಯಾದ ಮೇಲೆ ತಾವೇ ಸಂಖ್ಯೆ ಪಡೆಯಬೇಕು. ನಂತರ ಆ ಸಂಖ್ಯೆಯನ್ನು ಮಾಲೀಕರು ತಮ್ಮ ಸಂಸ್ಥೆಗೆ ಸೇರಿಸಿಕೊಂಡು, ಪ್ರತಿ ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರ ಒಳಗೆ ಕಟ್ಟಬೇಕು. ಇ.ಎಸ್.ಐ.ಗೂ ಅದೇ 15ನೇ ತಾರೀಕು.

ಕಾಗದದ ಮೇಲೆ ಇದು ಸುಲಭ. ತೊಡಕು ಇರುವುದು ಹೆಸರು ಮತ್ತು ಜನ್ಮದಿನಾಂಕದಲ್ಲಿ. ಶಿರಹಟ್ಟಿಯ ಫಕೀರೇಶ್ವರನ ಹೆಸರನ್ನು ಇಟ್ಟುಕೊಂಡವರು ಆ ಸೀಮೆಯಲ್ಲಿ ಬಹಳ. ಇಂಗ್ಲಿಷಿನಲ್ಲಿ ಬರೆಯುವಾಗ ಫಕ್ಕೀರಪ್ಪ ಒಂದು ಕಡೆ ಎಫ್. ಅಕ್ಷರದಿಂದ ಆರಂಭವಾದರೆ ಇನ್ನೊಂದು ಕಡೆ ಪಿ.ಎಚ್.ನಿಂದ, ಒಂದರಲ್ಲಿ ಕೆ. ಒಂದೇ, ಇನ್ನೊಂದರಲ್ಲಿ ಎರಡು. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ನಡುವೆ, ಆಧಾರ್‌ನಲ್ಲಿ ಅದು ಇಲ್ಲವೇ ಇಲ್ಲ. ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ತವರಿನ ಹೆಸರು ಒಂದು, ಗಂಡನ ಮನೆಯಲ್ಲಿ ಇಟ್ಟ ಹೆಸರು ಇನ್ನೊಂದು. ಜನ್ಮದಿನಾಂಕದ ಕಥೆಯಂತೂ ಎಲ್ಲರಿಗೂ ಗೊತ್ತು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬರೆದ ಜೂನ್ 1 ಅರ್ಧ ಊರಿನವರ ಹುಟ್ಟುಹಬ್ಬ! ಕೆಲವರ ಆಧಾರ್‌ನಲ್ಲಿ ವರ್ಷ ಮಾತ್ರ ಇರುತ್ತದೆ.

ನೋಂದಣಿಯ ದಿನ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಇಪ್ಪತ್ತು ವರ್ಷಗಳ ನಂತರ ಪಿಂಚಣಿ ಕೇಳುವಾಗ, ಅಥವಾ ಅವನು ತೀರಿಹೋಗಿ ಅವನ ಹೆಂಡತಿ ಅರ್ಜಿ ಹಿಡಿದು ನಿಂತಾಗ ಎದ್ದು ಬರುತ್ತದೆ. ಆಗ ಹಳೆಯ ಸಂಸ್ಥೆ ಮುಚ್ಚಿರಬಹುದು, ಸಹಿ ಹಾಕುವವರೇ ಇಲ್ಲದಿರಬಹುದು. ಆದುದರಿಂದ ಮೊದಲ ದಿನವೇ ಆಧಾರ್ ಸರಿಯಿದೆಯೇ ಎಂದು ನೋಡಿ, ಇಲ್ಲದಿದ್ದರೆ ಅದನ್ನೇ ಮೊದಲು ತಿದ್ದಿಸಿ, ಬ್ಯಾಂಕು, ಪಾನ್, ಪಿ.ಎಫ್. ಎಲ್ಲವನ್ನೂ ಅದಕ್ಕೆ ಹೊಂದಿಸಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಲಿ. ಹಳೆಯ ಸಿಮ್ ಕಳೆದುಹೋಗಿದ್ದರೆ ಗುಪ್ತ ಸಂಖ್ಯೆ ಬರುವುದಿಲ್ಲ, ಕೆಲಸ ಅಲ್ಲಿಗೇ ನಿಲ್ಲುತ್ತದೆ. 2025ರ ಜನವರಿಯಿಂದ ಒಂದು ಅನುಕೂಲವಾಗಿದೆ: 2017ರ ಅಕ್ಟೋಬರ್ 1ರ ನಂತರ ಆಧಾರ್ ಮೂಲಕ ಪಡೆದ ಯು.ಎ.ಎನ್. ಆದರೆ ಹೆಸರು, ಜನ್ಮದಿನಾಂಕ, ತಂದೆ-ತಾಯಿಯ ಹೆಸರು, ಸೇರಿದ ದಿನಾಂಕ ಮುಂತಾದುವನ್ನು ಸದಸ್ಯರು ತಾವೇ ತಿದ್ದಿಕೊಳ್ಳಬಹುದು. ಅದಕ್ಕಿಂತ ಹಳೆಯದಾದರೆ ಮಾಲೀಕರ ಒಪ್ಪಿಗೆ ಬೇಕಾಗುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. 2021ರ ಆಗಸ್ಟಿನಲ್ಲಿ ಬಂದ ಇ-ಶ್ರಮ್ ಕಾರ್ಡಿನ ಮೇಲೂ 12 ಅಂಕಿಗಳ ಯು.ಎ.ಎನ್. ಇದೆ. ಅದು ಅಸಂಘಟಿತ ಕಾರ್ಮಿಕರದ್ದು, ಪಿ.ಎಫ್.ಗೂ ಅದಕ್ಕೂ ಸಂಬಂಧವಿಲ್ಲ. ಹೊಸಬರು ಇ-ಶ್ರಮ್ ಕಾರ್ಡು ತೋರಿಸಿ "ನನಗೆ ಆಗಲೇ ನಂಬರ್ ಇದೆ" ಎಂದರೆ ಒಪ್ಪಿಕೊಳ್ಳಬಾರದು. ಬದಲಿಗೆ ಕೇಳಬೇಕಾದ ಪ್ರಶ್ನೆ, "ಮೊದಲು ಎಲ್ಲಾದರೂ ಕೆಲಸ ಮಾಡಿದ್ದೀರಾ?" ಎಂಬುದು. ಮುಂಡರಗಿಯಿಂದ ಬೆಂಗಳೂರಿನ ಗಾರ್ಮೆಂಟ್ಸಿಗೋ ಗೋವಾದ ಕಾರ್ಖಾನೆಗೋ ಹೋಗಿ ಎರಡು ವರ್ಷ ದುಡಿದು ಮರಳಿದವರು ಬಹಳ ಮಂದಿ ಇದ್ದಾರೆ. ಅವರಿಗೆ ಹಳೆಯ ಸಂಖ್ಯೆ ಇರುತ್ತದೆ, ಮರೆತಿರುತ್ತಾರೆ. ಅದನ್ನೇ ಹುಡುಕಿ ತೆಗೆದು ಮುಂದುವರಿಸಬೇಕು. ಪಿಂಚಣಿಗೆ ಒಟ್ಟು 10 ವರ್ಷಗಳ ಸೇವೆ ಬೇಕು. ಬೆಂಗಳೂರಿನ 2, ಹುಬ್ಬಳ್ಳಿಯ 4, ಗದಗಿನ 4 ಸೇರಿದರೆ 10 ಆಯಿತು. ಪ್ರತಿ ಬಾರಿ ಕೆಲಸ ಬಿಟ್ಟಾಗ ಹಣ ತೆಗೆದುಕೊಂಡರೆ ಮತ್ತೆ ಒಂದರಿಂದ ಎಣಿಕೆ. 12,000 ರೂಪಾಯಿ ವೇತನಕ್ಕೆ 15 ವರ್ಷ ಸೇವೆ ಮಾಡಿದವರಿಗೆ 58ನೇ ವಯಸ್ಸಿನಲ್ಲಿ ತಿಂಗಳಿಗೆ ಸುಮಾರು 2,571 ರೂಪಾಯಿ ಪಿಂಚಣಿ. ಒಂಬತ್ತು ವರ್ಷಕ್ಕೆ ನಿಲ್ಲಿಸಿದವರಿಗೆ ತಿಂಗಳ ಪಿಂಚಣಿಯೇ ಇಲ್ಲ.

ಹಾಗೆಯೇ ಮೊದಲ ಬಾರಿ ಪಿ.ಎಫ್.ಗೆ ಸೇರುವವರಿಗೂ ಅವರ ಮಾಲೀಕರಿಗೂ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ ಪ್ರೋತ್ಸಾಹಧನ ಇದೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ತನಕ ಸೃಷ್ಟಿಯಾಗುವ ಉದ್ಯೋಗಗಳಿಗೆ ಇದು ಅನ್ವಯ. ನೌಕರರಿಗೆ ಎರಡು ಕಂತುಗಳಲ್ಲಿ ಒಂದು ತಿಂಗಳ ವೇತನದಷ್ಟು, 15,000 ರೂಪಾಯಿ ಮೀರದಂತೆ. ಮಾಲೀಕರಿಗೆ ಹೆಚ್ಚುವರಿಯಾಗಿ ಸೇರಿಸಿಕೊಂಡ ಪ್ರತಿಯೊಬ್ಬರಿಗೆ ತಿಂಗಳಿಗೆ 3,000 ರೂಪಾಯಿ ತನಕ. 50ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ಸೇರಿಸಿಕೊಂಡಿರಬೇಕು.

ಇವೆಲ್ಲದರ ಹೊರಗೆ ಉಳಿದವರ ಬಗ್ಗೆಯೂ ಒಂದು ಮಾತು. ಬೆಟಗೇರಿಯಲ್ಲಿ ಮನೆಯ ಮಗ್ಗದಲ್ಲಿ ಸೀರೆ ನೇಯುವವರು, ಗದಗಿನ ಮಾರುಕಟ್ಟೆಯ ಅಡತಿ ಅಂಗಡಿಗಳ ಮುಂದೆ ಚೀಲ ಹೊರುವ ಹಮಾಲರು ಸಾಮಾನ್ಯವಾಗಿ ಪಿ.ಎಫ್. ಪಟ್ಟಿಯಲ್ಲಿಲ್ಲ. ಮನೆಯಲ್ಲಿ ಬೀಡಿ ಕಟ್ಟುವವರನ್ನು ನೌಕರರೆಂದು ಒಪ್ಪಿದಾಗ ನ್ಯಾಯಾಲಯ ಗಮನಿಸಿದ್ದು, ಕೆಲಸ ಸರಿಯಿಲ್ಲವೆಂದು ಮಾಲನ್ನು ತಿರಸ್ಕರಿಸುವ ಅಧಿಕಾರ ಮಾಲೀಕರ ಕೈಯಲ್ಲಿದೆ ಎಂಬುದನ್ನು. ನೂಲು ಕೊಟ್ಟು ಸೀರೆ ಪಡೆಯುವ ಕಡೆಯೂ ಆ ಅಧಿಕಾರ ಯಾರ ಕೈಯಲ್ಲಿದೆ ಎಂದು ನೇಕಾರರ ಪರವಾಗಿ ಯಾರಾದರೂ ಗಟ್ಟಿಯಾಗಿ ಕೇಳಬೇಕಾಗಿದೆ. ಸದ್ಯಕ್ಕೆ ಅವರು ಇ-ಶ್ರಮ್‌ನಲ್ಲಿ ಹೆಸರು ಬರೆಸಿ, ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಯೋಜನೆಗಳನ್ನು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಬಹುದು. ಕಟ್ಟಡ ಕಾರ್ಮಿಕರಿಗೆ ಪ್ರತ್ಯೇಕ ಕಲ್ಯಾಣ ಮಂಡಳಿ ಇದೆ.

ನೋಂದಣಿ ಆದ ಮೇಲೆ ನೌಕರರು ಮಾಡಬೇಕಾದ ಕೆಲಸ ಎರಡು. ಮೊದಲನೆಯದು, ಹಣ ಜಮೆಯಾಗುತ್ತಿದೆಯೇ ಎಂದು ನೋಡಿಕೊಳ್ಳುವುದು. ಪಗಾರದ ಚೀಟಿಯಲ್ಲಿ ಕಡಿತ ತೋರಿಸಿದ ಮಾತ್ರಕ್ಕೆ ಜಮೆ ಆಯಿತೆಂದಲ್ಲ. ನೋಂದಾಯಿತ ಮೊಬೈಲಿನಿಂದ 9966044425 ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ ಖಾತೆಯ ವಿವರ ಸಂದೇಶವಾಗಿ ಬರುತ್ತದೆ. ಎರಡನೆಯದು, ನಾಮನಿರ್ದೇಶನ. ಮದುವೆಗೆ ಮೊದಲು ತಾಯಿಯ ಹೆಸರು ಬರೆಸಿದ್ದರೆ ಮದುವೆಯಾದ ದಿನದಿಂದ ಅದು ರದ್ದಾಗುತ್ತದೆ, ಹೊಸದಾಗಿ ಬರೆಸಬೇಕು. ಇದನ್ನು ಮಾಡದವರೇ ಹೆಚ್ಚು.

ಗದಗ ಜಿಲ್ಲೆಯವರಿಗೆ ಪಿ.ಎಫ್. ಪ್ರಾದೇಶಿಕ ಕಚೇರಿ ಇರುವುದು ಹುಬ್ಬಳ್ಳಿಯ ನವನಗರದಲ್ಲಿ. ಮುಂಡರಗಿಯಿಂದ ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಪಗಾರ ಹೋದಂತೆ. ಆದುದರಿಂದ 2023ರ ಜನವರಿಯಿಂದ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲೇ "ನಿಧಿ ಆಪ್ಕೆ ನಿಕಟ್" ಎಂಬ ಶಿಬಿರ ನಡೆಸುವ ಪದ್ಧತಿ ಬಂದಿದೆ. ಆ ತಿಂಗಳ ಶಿಬಿರ ಯಾವ ಊರಿನಲ್ಲಿ, ಯಾವ ಕಟ್ಟಡದಲ್ಲಿ ಎಂದು ಮೊದಲೇ ವಿಚಾರಿಸಿಕೊಂಡು ಹೋಗುವುದು ಉತ್ತಮ. ಹೋಗುವಾಗ ಆಧಾರ್, ಬ್ಯಾಂಕ್ ಪಾಸ್‌ಬುಕ್, ಯು.ಎ.ಎನ್. ಬರೆದ ಚೀಟಿ, ನೇಮಕ ಪತ್ರದ ಪ್ರತಿ, ಮತ್ತು ಆಧಾರ್‌ಗೆ ಜೋಡಿಸಿದ ಮೊಬೈಲ್ ಫೋನನ್ನು ಜತೆಗೆ ಒಯ್ಯಬೇಕು. ಫೋನ್ ಮಗನ ಕೈಯಲ್ಲಿದ್ದರೆ ಮಗನನ್ನೂ ಕರೆದುಕೊಂಡು ಹೋಗಿ.